ರೋಹಿದಾಸ್ ಇಲ್ಲದ ಅರವತ್ತು ನಿಮಿಷ: ಪ್ಯಾರಿಸ್ ಸೆಮಿಫೈನಲ್‌ನಲ್ಲಿ ಭಾರತ ಹಾಕಿ ತಂಡದ ಜೋಡಣೆ ಸಡಿಲಿದ ಬಗೆ

ಪ್ಯಾರಿಸ್ ಒಲಿಂಪಿಕ್ಸ್ ಹಾಕಿ ಎಂದರೆ ನಮ್ಮವರಿಗೆಲ್ಲ ಮೊದಲು ನೆನಪಾಗುವುದು 2024ರ ಆಗಸ್ಟ್ 4ರ ಕ್ವಾರ್ಟರ್‌ಫೈನಲ್. 17ನೇ ನಿಮಿಷದಲ್ಲಿ ಡಿಫೆಂಡರ್ ಅಮಿತ್ ರೋಹಿದಾಸ್ ಕೆಂಪು ಕಾರ್ಡ್ ಪಡೆದು ಹೊರನಡೆದರು. ಉಳಿದ 43 ನಿಮಿಷಗಳನ್ನು ಹತ್ತೇ ಜನ ಆಡಿ, ಬ್ರಿಟನ್ ತಂಡವನ್ನು 1–1ರಲ್ಲಿ ಹಿಡಿದು ನಿಲ್ಲಿಸಿ, ಶೂಟೌಟ್‌ನಲ್ಲಿ 4–2ರಿಂದ ಗೆದ್ದರು. ಆ ಗೆಲುವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಆದರೆ ತಂಡ ಕಟ್ಟುವ ವಿಷಯದಲ್ಲಿ ಏನಾದರೂ ತಿಳಿಯಬೇಕೆಂದಿದ್ದರೆ ನೋಡಬೇಕಾದದ್ದು ಅದಕ್ಕೆ ಎರಡು ದಿನ ಬಿಟ್ಟು ಜರ್ಮನಿ ವಿರುದ್ಧ ನಡೆದ ಸೆಮಿಫೈನಲ್. ಅಂದು ರೋಹಿದಾಸ್ ನಿಷೇಧದಿಂದ ಹೊರಗಿದ್ದರೂ ಭಾರತದ ಕಡೆ ಅಂಗಳದಲ್ಲಿ ಹನ್ನೊಂದು ಜನರೂ ಇದ್ದರು. ಆದರೂ ತಂಡ ಹಿಂದಿನ ಪಂದ್ಯಕ್ಕಿಂತ ಬಡವಾಗಿತ್ತು. ಕೆಂಪು ಕಾರ್ಡಿನ ನಿಜವಾದ ಬೆಲೆಯನ್ನು ಭಾರತ ತೆತ್ತದ್ದು ಆ 3–2ರ ಸೋಲಿನಲ್ಲಿ ಎಂಬುದು ನನ್ನ ನಂಬಿಕೆ. ಯಾಕೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಲು ಪ್ರಯತ್ನಿಸಿದ್ದೇನೆ.

ಹದಿನಾರು ಜನರ ಲೆಕ್ಕ

2023ರ ವಿಶ್ವಕಪ್‌ಗೆ ಹದಿನೆಂಟು ಆಟಗಾರರನ್ನು ಕರೆದೊಯ್ಯಬಹುದಿತ್ತು. ಪ್ಯಾರಿಸ್‌ನಲ್ಲಿ ಅವಕಾಶ ಇದ್ದದ್ದು ಹದಿನಾರು ಜನರಿಗೆ. ಕಡಿಮೆಯಾಗುವ ಆ ಇಬ್ಬರು ಯಾರು ಎಂಬುದೇ ಪ್ರತಿ ಒಲಿಂಪಿಕ್ಸ್‌ನಲ್ಲೂ ಕೋಚ್‌ನ ತಲೆನೋವು. ದಕ್ಷಿಣ ಆಫ್ರಿಕಾದ ಕ್ರೇಗ್ ಫುಲ್ಟನ್ 2023ರಲ್ಲಿ ಭಾರತ ತಂಡದ ಹೊಣೆ ಹೊತ್ತವರು. ಅದಕ್ಕೂ ಮೊದಲು ಬೆಲ್ಜಿಯಂ ತಂಡದ ಸಹಾಯಕ ಕೋಚ್ ಆಗಿ ಟೋಕಿಯೊ ಚಿನ್ನ ಕಂಡವರು. ಮೊದಲು ಗೋಲು ಬಿಡಬಾರದು, ಆಮೇಲೆ ಗೋಲು ಹೊಡೆಯುವ ಮಾತು ಎಂಬುದು ಅವರ ರೀತಿ. ಗೋಲ್‌ಕೀಪರ್ ಪಿ.ಆರ್. ಶ್ರೀಜೇಶ್ ಒಬ್ಬರನ್ನು ಬಿಟ್ಟು ಉಳಿದ ಹದಿನೈದು ಸ್ಥಾನಗಳನ್ನು ಅವರು ಸಮನಾಗಿ ಹಂಚಿದ್ದರು. ರಕ್ಷಣೆಗೆ ನಾಯಕ ಹರ್ಮನ್‌ಪ್ರೀತ್ ಸಿಂಗ್, ಅಮಿತ್ ರೋಹಿದಾಸ್, ಜರ್ಮನ್‌ಪ್ರೀತ್ ಸಿಂಗ್, ಸುಮಿತ್, ಸಂಜಯ್. ಮಿಡ್‌ಫೀಲ್ಡ್‌ಗೆ ಮನ್‌ಪ್ರೀತ್ ಸಿಂಗ್, ಹಾರ್ದಿಕ್ ಸಿಂಗ್, ವಿವೇಕ್ ಸಾಗರ್ ಪ್ರಸಾದ್, ಶಂಶೇರ್ ಸಿಂಗ್, ರಾಜ್‌ಕುಮಾರ್ ಪಾಲ್. ಮುಂದೆ ಮನ್‌ದೀಪ್ ಸಿಂಗ್, ಅಭಿಷೇಕ್, ಸುಖ್‌ಜೀತ್ ಸಿಂಗ್, ಲಲಿತ್ ಉಪಾಧ್ಯಾಯ, ಗುರ್ಜಂತ್ ಸಿಂಗ್. ಡ್ರ್ಯಾಗ್‌ಫ್ಲಿಕ್ (ಚೆಂಡನ್ನು ಕೋಲಿನಲ್ಲಿ ಎಳೆದು ಗೋಲಿನತ್ತ ಚಿಮ್ಮಿಸುವ ಹೊಡೆತ) ಬಲ್ಲ ಡಿಫೆಂಡರ್ ಜುಗ್‌ರಾಜ್ ಸಿಂಗ್ ಮೀಸಲು ಆಟಗಾರನಾಗಿ ಹೊರಗೆ ಉಳಿದರು. ಇದೊಂದು ಹೆಸರನ್ನು ಓದುಗರು ನೆನಪಿಟ್ಟುಕೊಂಡಿರಬೇಕು.

ಹಾಕಿಯಲ್ಲಿ ಫುಟ್‌ಬಾಲ್‌ನಂತೆ ಇಂತಿಷ್ಟೇ ಬದಲಿ ಆಟಗಾರರು ಎಂಬ ಮಿತಿ ಇಲ್ಲ. ಯಾರು ಎಷ್ಟು ಸಲ ಬೇಕಾದರೂ ಹೊರಬಂದು, ಉಸಿರು ಹಿಡಿದು, ಮತ್ತೆ ಒಳಹೋಗಬಹುದು. ಐಸ್ ಹಾಕಿಯಲ್ಲಿ ಮೂವರು ಫಾರ್ವರ್ಡ್‌ಗಳು ಒಂದು ಸಾಲಾಗಿ, ಇಬ್ಬರು ಡಿಫೆಂಡರ್‌ಗಳು ಒಂದು ಜೋಡಿಯಾಗಿ ಒಟ್ಟಿಗೇ ಇಳಿದು ಒಟ್ಟಿಗೇ ಹೊರಬರುತ್ತಾರೆ. ಅಲ್ಲಿನ ಅಭಿಮಾನಿಗಳು ಯಾವ ಸಾಲಿನಲ್ಲಿ ಯಾರಿರಬೇಕು ಎಂದು ರಾತ್ರಿಯಿಡೀ ವಾದಿಸುತ್ತಾರೆ. ನಮ್ಮ ಹುಲ್ಲಿನ ಹಾಕಿಯಲ್ಲಿ, ಅಥವಾ ಈಗ ನೀಲಿ ಟರ್ಫ್ ಹಾಕಿಯಲ್ಲಿ, ಬದಲಾವಣೆ ಒಬ್ಬೊಬ್ಬರಂತೆ ನಡೆಯುವುದರಿಂದ ಸಾಲುಗಳು ಕಣ್ಣಿಗೆ ಕಾಣುವುದಿಲ್ಲ. ಆದರೆ ಸಾಲುಗಳು ಇದ್ದೇ ಇವೆ. ಹಾರ್ದಿಕ್ ಒಳಗಿದ್ದಾಗ ವಿವೇಕ್ ಎಲ್ಲಿ ನಿಲ್ಲುತ್ತಾರೆ, ಅಭಿಷೇಕ್ ಎಡದಿಂದ ಒಳಗೆ ತಿರುಗಿದರೆ ಸುಖ್‌ಜೀತ್ ಯಾವ ಕಂಬದತ್ತ ಓಡುತ್ತಾರೆ, ಹರ್ಮನ್‌ಪ್ರೀತ್ ವಿಶ್ರಾಂತಿಗೆ ಬಂದಾಗ ಹಿಂದೆ ಯಾರ ಮಾತು ನಡೆಯುತ್ತದೆ — ಇವೆಲ್ಲ ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದ ಶಿಬಿರಗಳಲ್ಲಿ ತಿಂಗಳುಗಟ್ಟಲೆ ಉಜ್ಜಿ ಉಜ್ಜಿ ಕೂಡಿಸಿದ ಹೊಂದಾಣಿಕೆಗಳು. ಒಬ್ಬನನ್ನು ತೆಗೆದರೆ ಅವನ ಜಾಗ ಒಂದು ಖಾಲಿಯಾಗುತ್ತದೆ. ಜೊತೆಗೆ ಅವನನ್ನು ನಂಬಿ ನಿಂತಿದ್ದ ನಾಲ್ಕೈದು ಜನರ ಆಟವೂ ಬದಲಾಗುತ್ತದೆ.

ಒಬ್ಬ ರೋಹಿದಾಸ್, ಮೂರು ಕೆಲಸ

ಒಡಿಶಾದ ಸುಂದರ್‌ಗಢದಿಂದ ಬಂದ ರೋಹಿದಾಸ್ ಹೆಸರು ಗೋಲು ಹೊಡೆದವರ ಪಟ್ಟಿಯಲ್ಲಿ ಹೆಚ್ಚು ಸಲ ಕಾಣುವುದಿಲ್ಲ. ಹಾಗಾಗಿ ಸುದ್ದಿಯಲ್ಲೂ ಅವರು ಅಷ್ಟಾಗಿ ಇರುವುದಿಲ್ಲ. ಆದರೆ ಈ ತಂಡದಲ್ಲಿ ಅವರಿಗೆ ಮೂರು ಕೆಲಸ ಇದ್ದವು.

ಮೊದಲನೆಯದು ಹರ್ಮನ್‌ಪ್ರೀತ್ ಜೊತೆ ಹಿಂಭಾಗದ ನಡುವೆ ನಿಲ್ಲುವುದು. ಹರ್ಮನ್‌ಪ್ರೀತ್ ಹಿಂದಿನಿಂದ ಆಟವನ್ನು ಓದುವವರು. ಎದುರಾಳಿಗಳ ತಲೆಯ ಮೇಲಿಂದ ಚೆಂಡನ್ನು ಎತ್ತಿ ಇನ್ನೊಂದು ತುದಿಯ ಫಾರ್ವರ್ಡ್‌ಗೆ ತಲುಪಿಸುವುದರಲ್ಲಿ ಅವರ ಸಮಕ್ಕೆ ನಿಲ್ಲುವವರು ವಿರಳ. ಅಂಥ ಪಾಸ್ ಕೊಡಲು ಅವರಿಗೆ ಒಂದು ಕ್ಷಣದ ಬಿಡುವು ಬೇಕು. ಎದುರಾಳಿ ಫಾರ್ವರ್ಡ್‌ಗೆ ಅಡ್ಡ ನಿಂತು ಆ ಬಿಡುವು ಒದಗಿಸುತ್ತಿದ್ದದ್ದು ರೋಹಿದಾಸ್.

ಎರಡನೆಯದು ಪೆನಾಲ್ಟಿ ಕಾರ್ನರ್‌ನಲ್ಲಿ (ಗೋಲಿನ ಮುಂದಿನ ಅರ್ಧವೃತ್ತದ ಆವರಣದಲ್ಲಿ ತಪ್ಪಾದಾಗ ದಾಳಿ ಮಾಡುವ ತಂಡಕ್ಕೆ ಸಿಗುವ ಅವಕಾಶ) ಮೊದಲು ಓಡುವುದು. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಎದುರಾಳಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಾಗ ಗೋಲ್‌ಕೀಪರ್ ಸೇರಿ ಐವರು ಮಾತ್ರ ಗೋಲಿನ ಗೆರೆಯ ಹಿಂದೆ ನಿಲ್ಲಬಹುದು. ಉಳಿದವರೆಲ್ಲ ಮಧ್ಯದ ಗೆರೆಯ ಆಚೆ. ಮುಖಕ್ಕೆ ಮಾಸ್ಕ್, ಮೊಣಕಾಲಿಗೆ ಪ್ಯಾಡ್, ಕೈಗೆ ಗ್ಲೌಸ್ ಹಾಕಿಕೊಳ್ಳಲು ಕೆಲವು ಸೆಕೆಂಡು. ಬ್ಯಾಕ್‌ಲೈನ್‌ನಿಂದ ಚೆಂಡು ತಳ್ಳಿದ ಕ್ಷಣವೇ ಮೊದಲ ರಷರ್ ಗೋಲು ಬಿಟ್ಟು ನೇರವಾಗಿ ಫ್ಲಿಕ್ ಮಾಡುವವನತ್ತ ಓಡುತ್ತಾನೆ. ಆವರಣದ ತುದಿ ಗೋಲಿನಿಂದ ಹದಿನಾಲ್ಕೂವರೆ ಮೀಟರ್‌ಗೂ ಸ್ವಲ್ಪ ಆಚೆ. ಅಲ್ಲಿಂದ ಗಂಟೆಗೆ ನೂರು ಕಿಲೋಮೀಟರ್‌ಗೂ ಮೀರಿದ ವೇಗದಲ್ಲಿ ಬರಬಲ್ಲ ಚೆಂಡಿಗೆ ಮೈ ಒಡ್ಡಬೇಕು. ಧೈರ್ಯ ಒಂದೇ ಸಾಲದು. ರಷರ್‌ಗೂ ಗೋಲ್‌ಕೀಪರ್‌ಗೂ ನಡುವೆ ಒಂದು ಒಪ್ಪಂದ ಇರುತ್ತದೆ. ಗೋಲಿನ ಒಂದು ಬದಿಯ ದಾರಿಯನ್ನು ನಾನು ಮುಚ್ಚುತ್ತೇನೆ, ಇನ್ನೊಂದು ಬದಿ ನಿನ್ನದು. ರಷರ್ ಅರ್ಧ ಹೆಜ್ಜೆ ಆಚೀಚೆ ಓಡಿದರೂ ಗೋಲ್‌ಕೀಪರ್‌ಗೆ ಎರಡೂ ಬದಿ ಕಾಯುವ ಸ್ಥಿತಿ ಬರುತ್ತದೆ. ಶ್ರೀಜೇಶ್ ಮತ್ತು ರೋಹಿದಾಸ್ ಈ ಒಪ್ಪಂದದಲ್ಲಿ ಟೋಕಿಯೊದಿಂದಲೂ ಪಳಗಿದವರು. ಅಲ್ಲಿ ಜರ್ಮನಿ ವಿರುದ್ಧ 5–4ರಲ್ಲಿ ಕಂಚು ಗೆದ್ದ ಪಂದ್ಯದ ಕೊನೆಯ ಸೆಕೆಂಡುಗಳಲ್ಲಿ ಎದುರಾದ ಪೆನಾಲ್ಟಿ ಕಾರ್ನರನ್ನು ತಡೆದ ತಂಡದಲ್ಲಿ ಇಬ್ಬರೂ ಇದ್ದರು.

ಮೂರನೆಯದು ಡ್ರ್ಯಾಗ್‌ಫ್ಲಿಕ್. ಹರ್ಮನ್‌ಪ್ರೀತ್ ಬೆಂಚಿನಲ್ಲಿದ್ದಾಗ ಪೆನಾಲ್ಟಿ ಕಾರ್ನರ್ ಸಿಕ್ಕಿದರೆ ಅವರನ್ನು ಒಳಗೆ ಕರೆಯುವಂತಿಲ್ಲ. ಪೆನಾಲ್ಟಿ ಕಾರ್ನರ್ ಕೊಟ್ಟ ಕ್ಷಣದಿಂದ ಮುಗಿಯುವವರೆಗೆ ಬದಲಾವಣೆಗೆ ನಿಯಮ ಒಪ್ಪುವುದಿಲ್ಲ. ಆಗ ಆ ಹೊಣೆ ಹೊರುವವರಲ್ಲಿ ರೋಹಿದಾಸ್ ಮುಂದಿದ್ದರು. ಹರ್ಮನ್‌ಪ್ರೀತ್ ಇದ್ದಾಗಲೂ ಪಕ್ಕದಲ್ಲಿ ಇನ್ನೊಬ್ಬ ಫ್ಲಿಕ್ಕರ್ ನಿಂತಿದ್ದಾನೆ ಎಂಬುದೇ ಎದುರಾಳಿ ರಷರ್‌ಗೆ ಒಂದು ಅನುಮಾನ. ಚೆಂಡು ಯಾರ ಕೋಲಿಗೆ ಹೋಗುತ್ತದೆ?

ಈ ಮೂರನ್ನೂ ಒಬ್ಬನ ಮೇಲೇ ಹೇರಿದ್ದು ಹದಿನಾರರ ಲೆಕ್ಕದ ಫಲ. ಸ್ಥಾನ ಕಡಿಮೆ ಇದ್ದಾಗ ಬಹುಮುಖಿ ಆಟಗಾರ ಬಂಗಾರ. ಆದರೆ ಅವನು ಇಲ್ಲವಾದ ದಿನ ಮೂರು ಬಾಗಿಲು ಒಟ್ಟಿಗೇ ತೆರೆದುಕೊಳ್ಳುತ್ತವೆ.

ಲೀಗ್ ಹಂತ: ಹೊಂದಾಣಿಕೆ ಕೂಡಿಬಂದ ಬಗೆ

ಭಾರತದ ಆರಂಭ ಅಷ್ಟೇನೂ ಸುಗಮವಾಗಿರಲಿಲ್ಲ. ನ್ಯೂಜಿಲೆಂಡ್ ವಿರುದ್ಧ 3–2ರ ಗೆಲುವಿಗೆ 59ನೇ ನಿಮಿಷದ ಪೆನಾಲ್ಟಿ ಸ್ಟ್ರೋಕ್ (ಗೋಲ್‌ಕೀಪರ್ ಒಬ್ಬನೇ ಎದುರಿರುವ ಹೊಡೆತ) ಬೇಕಾಯಿತು. ಅರ್ಜೆಂಟೀನಾ ವಿರುದ್ಧ ಸಮಬಲವೂ 59ನೇ ನಿಮಿಷದಲ್ಲೇ ಬಂತು. ಐರ್ಲೆಂಡನ್ನು 2–0ಯಿಂದ ಸೋಲಿಸಿ, ಬೆಲ್ಜಿಯಂಗೆ 1–2ರಿಂದ ಮಣಿದು, ಆಗಸ್ಟ್ 2ರಂದು ಆಸ್ಟ್ರೇಲಿಯಾವನ್ನು 3–2ರಿಂದ ಸೋಲಿಸಿದಾಗ ಮಾತ್ರ ತಂಡ ತನ್ನ ಪೂರ್ಣ ರೂಪದಲ್ಲಿ ಕಾಣಿಸಿತು. ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು ಭಾರತ ಸೋಲಿಸಿದ್ದು 1972ರ ಮ್ಯೂನಿಕ್ ಬಳಿಕ ಅದೇ ಮೊದಲು. ಮ್ಯೂನಿಕ್‌ನ ಆ ತಂಡದಲ್ಲಿ ಕೊಡಗಿನ ಎಂ.ಪಿ. ಗಣೇಶ್ ಮತ್ತು ಬಿ.ಪಿ. ಗೋವಿಂದ ಇದ್ದರು ಎಂಬುದು ನಮಗೆ ಹೆಮ್ಮೆಯ ಸಂಗತಿ. ರಿಯೊ ತಂಡದಲ್ಲಿ ರಘುನಾಥ್, ಸುನಿಲ್, ಉತ್ತಪ್ಪ, ನಿಕಿನ್ ತಿಮ್ಮಯ್ಯ ನಾಲ್ವರೂ ಇದ್ದರು. ಪ್ಯಾರಿಸ್‌ನ ಹದಿನಾರರಲ್ಲಿ ಒಬ್ಬ ಕನ್ನಡಿಗನೂ ಇಲ್ಲದ್ದು ನನಗೆ ಈಗಲೂ ಚುಚ್ಚುತ್ತದೆ. ಅದು ಬೇರೆಯೇ ಚರ್ಚೆ.

ಆಸ್ಟ್ರೇಲಿಯಾ ಪಂದ್ಯದ ಮೊದಲ ಕ್ವಾರ್ಟರ್‌ನಲ್ಲಿ ಒಂದೇ ನಿಮಿಷದ ಅಂತರದಲ್ಲಿ ಎರಡು ಗೋಲು ಬಂದವು. 12ನೇ ನಿಮಿಷದಲ್ಲಿ ಅಭಿಷೇಕ್, 13ನೇ ನಿಮಿಷದಲ್ಲಿ ಹರ್ಮನ್‌ಪ್ರೀತ್. ಮುಂಚೂಣಿಯವರು ಒತ್ತಡ ಹೇರುವುದು, ಆ ಒತ್ತಡದಿಂದ ಪೆನಾಲ್ಟಿ ಕಾರ್ನರ್ ಗಳಿಸುವುದು, ಅದನ್ನು ನಾಯಕ ಗೋಲಾಗಿಸುವುದು. ಇದೇ ಭಾರತದ ದಾರಿ. ಇಡೀ ಕೂಟದ ಲೆಕ್ಕ ತೆಗೆದರೆ ಭಾರತದ 15 ಗೋಲುಗಳಲ್ಲಿ 10 ಹರ್ಮನ್‌ಪ್ರೀತ್ ಅವರದ್ದು: ಏಳು ಪೆನಾಲ್ಟಿ ಕಾರ್ನರ್‌ಗಳಿಂದ, ಮೂರು ಸ್ಟ್ರೋಕ್‌ಗಳಿಂದ. ಅಭಿಷೇಕ್‌ಗೆ ಎರಡು, ಮನ್‌ದೀಪ್, ವಿವೇಕ್, ಸುಖ್‌ಜೀತ್‌ಗೆ ಒಂದೊಂದು. ಐವರು ಫಾರ್ವರ್ಡ್‌ಗಳು ಎಂಟು ಪಂದ್ಯಗಳಲ್ಲಿ ಒಟ್ಟು ನಾಲ್ಕು ಗೋಲು. ಕೂಟದಲ್ಲೇ ಅತಿ ಹೆಚ್ಚು ಗೋಲು ಹೊಡೆದವರು ನಮ್ಮ ನಾಯಕ ಎಂದು ಸಂತೋಷಪಡುವಾಗಲೇ ಅಷ್ಟು ಭಾರ ಒಬ್ಬನ ಮಣಿಕಟ್ಟಿನ ಮೇಲೆ ಬಿದ್ದಿತ್ತು ಎಂಬುದನ್ನೂ ನೋಡಬೇಕು.

ಹದಿನೇಳನೇ ನಿಮಿಷ

ಬ್ರಿಟನ್ ವಿರುದ್ಧದ ಪಂದ್ಯದ ಎರಡನೇ ಕ್ವಾರ್ಟರ್ ಆಗಷ್ಟೇ ಶುರುವಾಗಿತ್ತು. ಚೆಂಡಿನೊಂದಿಗೆ ತಿರುಗುತ್ತಿದ್ದ ರೋಹಿದಾಸ್ ಅವರ ಕೋಲು ಮೇಲೆದ್ದು ಹಿಂದೆ ಬಂದ ವಿಲ್ ಕ್ಯಾಲ್ನನ್ ಅವರ ಮುಖಕ್ಕೆ ತಾಗಿತು. ಅಂಗಳದ ಅಂಪೈರ್‌ಗಳಿಗೆ ಅದು ಮೊದಲಿಗೆ ಗಂಭೀರ ತಪ್ಪಾಗಿ ಕಾಣಲಿಲ್ಲ. ವಿಡಿಯೊ ಅಂಪೈರ್ ನೋಡಿದ ಮೇಲೆ ಕೆಂಪು ಕಾರ್ಡ್ ಹೊರಬಂತು. ಹಸಿರು ಕಾರ್ಡಿಗೆ ಎರಡು ನಿಮಿಷ, ಹಳದಿಗೆ ಐದು ಅಥವಾ ಹತ್ತು ನಿಮಿಷ ಹೊರಗೆ ಕೂರಬೇಕು. ಕೆಂಪು ಕಾರ್ಡಿಗೆ ಆ ಆಟಗಾರನ ಪಂದ್ಯವೇ ಮುಗಿದಂತೆ. ಅವನ ಜಾಗಕ್ಕೆ ಇನ್ನೊಬ್ಬನೂ ಬರುವಂತಿಲ್ಲ. ಅದು ಬೇಕೆಂದೇ ಬೀಸಿದ ಪೆಟ್ಟಲ್ಲ ಎಂಬುದು ನನ್ನ ಅಭಿಪ್ರಾಯ. ಹಳದಿ ಕಾರ್ಡ್ ಸಾಕಿತ್ತು. ಪಂದ್ಯದ ಬಳಿಕ ಹಾಕಿ ಇಂಡಿಯಾ ವಿಡಿಯೊ ಪರಿಶೀಲನೆಯ ಬಗ್ಗೆ ದೂರು ಕೊಟ್ಟಿತು. ಆದರೆ ಅಂತರರಾಷ್ಟ್ರೀಯ ಫೆಡರೇಷನ್ ರೋಹಿದಾಸ್‌ಗೆ ಒಂದು ಪಂದ್ಯದ ನಿಷೇಧ ಹೇರಿತು, ಮೇಲ್ಮನವಿಯನ್ನೂ ತಳ್ಳಿಹಾಕಿತು. ಮೀಸಲು ಆಟಗಾರನನ್ನು ಒಳಗೆ ತರುವ ದಾರಿಯೂ ಇರಲಿಲ್ಲ. ಸೆಮಿಫೈನಲ್‌ಗೆ ಭಾರತ ಹದಿನೈದು ಜನರೊಂದಿಗೆ ಇಳಿಯಬೇಕಾಯಿತು.

ಕ್ವಾರ್ಟರ್‌ಫೈನಲ್‌ನಲ್ಲಿ ಫುಲ್ಟನ್ ಮಾಡಿದ ಬದಲಾವಣೆ ಚುರುಕಾಗಿತ್ತು. ಟೋಕಿಯೊದಲ್ಲಿ ತಂಡವನ್ನು ಮುನ್ನಡೆಸಿದ್ದ ಮನ್‌ಪ್ರೀತ್ ಮಿಡ್‌ಫೀಲ್ಡ್‌ನಿಂದ ಹಿಂದಕ್ಕೆ ಸರಿದು ಹರ್ಮನ್‌ಪ್ರೀತ್ ಪಕ್ಕ ನಿಂತರು. ಹಾರ್ದಿಕ್ ಇಬ್ಬರ ಓಟ ಓಡಿದರು. ಮುಂದೆ ಒಬ್ಬಿಬ್ಬರನ್ನು ಬಿಟ್ಟು ಉಳಿದವರೆಲ್ಲ ಆವರಣದ ಸುತ್ತ ಗೋಡೆ ಕಟ್ಟಿದರು. ಹತ್ತು ಜನರಾಗಿದ್ದಾಗಲೇ 22ನೇ ನಿಮಿಷದಲ್ಲಿ ಹರ್ಮನ್‌ಪ್ರೀತ್ ಗೋಲು ಹೊಡೆದರು. 27ನೇ ನಿಮಿಷದಲ್ಲಿ ಲೀ ಮಾರ್ಟನ್ ಸಮಬಲ ತಂದರು. ಆಮೇಲೆ ಬ್ರಿಟನ್ ಎಷ್ಟು ಬಡಿದರೂ ಬಾಗಿಲು ತೆರೆಯಲಿಲ್ಲ. ಶೂಟೌಟ್‌ನಲ್ಲಿ ಹರ್ಮನ್‌ಪ್ರೀತ್, ಸುಖ್‌ಜೀತ್, ಲಲಿತ್, ರಾಜ್‌ಕುಮಾರ್ ನಾಲ್ವರೂ ತಪ್ಪಲಿಲ್ಲ. ಶ್ರೀಜೇಶ್ ಫಿಲ್ ರೋಪರ್ ಅವರ ಯತ್ನವನ್ನು ತಡೆದರು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಕೊಡಬೇಕು. ರೋಹಿದಾಸ್ ಇಲ್ಲದೆಯೂ, ಅದೂ ಒಬ್ಬ ಕಡಿಮೆ ಇದ್ದು, ಬ್ರಿಟನ್‌ನ ಪೆನಾಲ್ಟಿ ಕಾರ್ನರ್‌ಗಳನ್ನೆಲ್ಲ ತಡೆದ ತಂಡಕ್ಕೆ ಎರಡು ದಿನದ ಬಳಿಕ ಹನ್ನೊಂದು ಜನರಿದ್ದಾಗ ಅದೇ ರೋಹಿದಾಸ್ ಕೊರತೆ ಹೇಗೆ ಮುಳುವಾಗುತ್ತದೆ? ಪ್ರಶ್ನೆ ನ್ಯಾಯವಾದದ್ದೇ. ಹತ್ತು ಜನರ ತಂಡಕ್ಕೆ ಕೆಲಸ ಒಂದೇ: ತಡೆಯುವುದು. ಆಟದ ಯೋಜನೆಯನ್ನು ಪಕ್ಕಕ್ಕಿಟ್ಟು ಎಲ್ಲರೂ ಡಿಫೆಂಡರ್‌ಗಳಾಗುತ್ತಾರೆ, ಎಲ್ಲರ ಗಮನವೂ ಒಂದೇ ಕಡೆ. ಅಲ್ಲಿ ಜೋಡಿಗಳ ಸೂಕ್ಷ್ಮಕ್ಕಿಂತ ಕಾಲುಗಳ ಸಂಖ್ಯೆ ಮತ್ತು ಛಲ ಮುಖ್ಯ. ಹನ್ನೊಂದು ಜನ ಆಡುವಾಗ ಹಾಗಲ್ಲ. ಅಲ್ಲಿ ಚೆಂಡು ಹಿಡಿದು ಆಟ ಕಟ್ಟಬೇಕು, ದಾಳಿಗೆ ಹೋದವರ ಹಿಂದಿನ ಜಾಗವನ್ನು ಯಾರು ಕಾಯುತ್ತಾರೆ ಎಂಬುದು ಮಾತಿಲ್ಲದೆ ಗೊತ್ತಿರಬೇಕು. ಜೋಡಣೆ ಕೈಕೊಡುವುದು ಇಂಥ ಆಟದಲ್ಲೇ. ಜೊತೆಗೆ ಎದುರಿಗೆ ಇದ್ದದ್ದು ಜರ್ಮನಿ, 2023ರಲ್ಲಿ ನಮ್ಮ ಒಡಿಶಾದಲ್ಲೇ ವಿಶ್ವಕಪ್ ಎತ್ತಿದ್ದ ತಂಡ. ಅವರ ಫ್ಲಿಕ್ಕರ್ ಗೊಂಜಾಲೊ ಪೆಯ್ಲಾಟ್. ಅರ್ಜೆಂಟೀನಾ ಪರ ರಿಯೊದಲ್ಲಿ 11 ಗೋಲು ಹೊಡೆದು ಚಿನ್ನ ಗೆದ್ದು, ಆಮೇಲೆ ಜರ್ಮನಿಗೆ ಬಂದವರು.

ಆಗಸ್ಟ್ 6ರ ರಾತ್ರಿ

ನಮ್ಮಲ್ಲಿ ರಾತ್ರಿ ಹತ್ತೂವರೆಗೆ ಪಂದ್ಯ ಶುರುವಾಯಿತು. ಮೊದಲ ಕ್ವಾರ್ಟರ್ ಪೂರ್ತಿ ಭಾರತದ್ದೇ. ಏಳನೇ ನಿಮಿಷದಲ್ಲಿ ಹರ್ಮನ್‌ಪ್ರೀತ್ ಫ್ಲಿಕ್ ಗೋಲಾಯಿತು. ಒಂದರ ಹಿಂದೆ ಒಂದು ಪೆನಾಲ್ಟಿ ಕಾರ್ನರ್ ಬರುತ್ತಿದ್ದವು. ಇಡೀ ಪಂದ್ಯದಲ್ಲಿ ಭಾರತಕ್ಕೆ ಹತ್ತಕ್ಕೂ ಹೆಚ್ಚು ಪೆನಾಲ್ಟಿ ಕಾರ್ನರ್ ಸಿಕ್ಕವು; ಗೋಲಾದದ್ದು ಎರಡು. ಎರಡನೆಯದು 36ನೇ ನಿಮಿಷದಲ್ಲಿ, ಹರ್ಮನ್‌ಪ್ರೀತ್ ಕಳಿಸಿದ ಚೆಂಡಿಗೆ ಸುಖ್‌ಜೀತ್ ಕೋಲು ತಾಗಿಸಿ ದಿಕ್ಕು ಬದಲಿಸಿದ್ದು.

ನನ್ನ ಓದು ಹೀಗಿದೆ. ಮೊದಲ ಗೋಲಿನ ಬಳಿಕ ಜರ್ಮನಿಯ ರಷರ್‌ಗಳಿಗೆ ಊಹೆ ಮಾಡುವ ಕಷ್ಟವೇ ಇರಲಿಲ್ಲ. ಚೆಂಡು ಹರ್ಮನ್‌ಪ್ರೀತ್‌ಗೇ ಹೋಗುತ್ತದೆ ಎಂದು ಖಚಿತವಾಗಿದ್ದಾಗ ರಷರ್ ಅನುಮಾನವಿಲ್ಲದೆ ಪೂರ್ಣ ವೇಗದಲ್ಲಿ ಓಡಬಹುದು. ಸುಖ್‌ಜೀತ್ ಗೋಲು ಬಂದದ್ದು ಆ ಖಚಿತತೆಯನ್ನು ಒಡೆದಾಗ: ಫ್ಲಿಕ್ ಗೋಲಿನತ್ತ ನೇರವಾಗಿ ಹೋಗದೆ ಇನ್ನೊಬ್ಬನ ಕೋಲನ್ನು ಹುಡುಕಿಕೊಂಡು ಹೋದಾಗ. ಅಂಥ ಬದಲಾವಣೆಯನ್ನು ಮತ್ತೆ ಮತ್ತೆ ಮಾಡಲು ಆವರಣದ ತುದಿಯಲ್ಲಿ ಎರಡನೇ ಫ್ಲಿಕ್ಕರ್ ಬೇಕು. ರೋಹಿದಾಸ್ ಪ್ರೇಕ್ಷಕರ ನಡುವೆ ಇದ್ದರು, ಜುಗ್‌ರಾಜ್ ತಂಡದಲ್ಲೇ ಇರಲಿಲ್ಲ.

ಇನ್ನು ನಮ್ಮ ಗೋಲಿನ ಕಡೆ. 18ನೇ ನಿಮಿಷದಲ್ಲಿ ಪೆಯ್ಲಾಟ್ ಪೆನಾಲ್ಟಿ ಕಾರ್ನರ್‌ನಿಂದ ಸಮಬಲ ತಂದರು. ರೋಹಿದಾಸ್ ಓಡಿದ್ದರೆ ಅದನ್ನು ತಡೆಯುತ್ತಿದ್ದರು ಎಂದು ಪ್ರಮಾಣ ಮಾಡಿ ಹೇಳಲು ಯಾರಿಂದಲೂ ಆಗದು. ಪೆಯ್ಲಾಟ್ ಒಳ್ಳೊಳ್ಳೆಯ ರಷರ್‌ಗಳನ್ನೇ ದಾಟಿಸಿ ಹೊಡೆದವರು. ಆದರೆ ಶ್ರೀಜೇಶ್ ಮತ್ತು ಮೊದಲ ರಷರ್ ನಡುವಿನ ಆ ಹಳೆಯ ಒಪ್ಪಂದ ಅಂದು ಹೊಸಬನೊಂದಿಗೆ, ಎರಡೇ ದಿನದ ತಯಾರಿಯಲ್ಲಿ, ಜಗತ್ತಿನ ಅತ್ಯುತ್ತಮ ಫ್ಲಿಕ್ಕರ್‌ಗಳಲ್ಲಿ ಒಬ್ಬರ ಎದುರು ನಡೆಯಬೇಕಾಗಿತ್ತು. ಒಂದು ಕೆಲಸಕ್ಕೆ ಹೊಸಬ ಬಂದರೆ ಅವನು ಬಿಟ್ಟ ಕೆಲಸಕ್ಕೆ ಇನ್ನೊಬ್ಬ, ಆ ಇನ್ನೊಬ್ಬನ ಕೆಲಸಕ್ಕೆ ಮತ್ತೊಬ್ಬ. ಗೋಲಿನ ಗೆರೆಯ ಹಿಂದಿನ ಐವರ ಸಾಲು ಹೀಗೆ ಅರ್ಧಕ್ಕರ್ಧ ಬದಲಾಗಿಬಿಡುತ್ತದೆ. 27ನೇ ನಿಮಿಷದಲ್ಲಿ ಆವರಣದೊಳಗೆ ಚೆಂಡು ನಮ್ಮ ಡಿಫೆಂಡರ್ ಕಾಲಿಗೆ ತಾಗಿದ್ದಕ್ಕೆ ಜರ್ಮನಿಗೆ ಸ್ಟ್ರೋಕ್ ಸಿಕ್ಕಿತು. ಕ್ರಿಸ್ಟೋಫರ್ ರ‍್ಯೂರ್ ಅದನ್ನು ಗೋಲಾಗಿಸಿದರು. ವಿರಾಮಕ್ಕೆ ಜರ್ಮನಿ 2–1.

ಮೂರನೇ ಕ್ವಾರ್ಟರ್‌ನಲ್ಲಿ ಭಾರತ ಮತ್ತೆ ಮೇಲೆದ್ದಿತು, 2–2 ಮಾಡಿತು. ಬೆಂಚಿನ ಲೆಕ್ಕ ಕಾಡಿದ್ದು ನಾಲ್ಕನೇ ಕ್ವಾರ್ಟರ್‌ನಲ್ಲಿ. ರಕ್ಷಣೆಗೆಂದೇ ಇದ್ದ ಐವರು ಈಗ ನಾಲ್ವರು. ಹಿಂದಿನ ಪಂದ್ಯದಲ್ಲಿ 43 ನಿಮಿಷ ಒಬ್ಬನ ಕೊರತೆಯನ್ನು ತುಂಬಲು ಓಡಿದ ಕಾಲುಗಳಿಗೆ ನಡುವೆ ಸಿಕ್ಕಿದ್ದು ಎರಡು ರಾತ್ರಿ. ಹರ್ಮನ್‌ಪ್ರೀತ್‌ಗೆ ವಿಶ್ರಾಂತಿ ಕೊಟ್ಟರೆ ಹಿಂದೆ ನಾಯಕನಿಲ್ಲ, ಮುಂದೆ ಫ್ಲಿಕ್ಕರ್ ಇಲ್ಲ. ಕೊಡದಿದ್ದರೆ ಅವರ ವೇಗ ಕುಸಿಯುತ್ತದೆ. ಮನ್‌ಪ್ರೀತ್ ಹಿಂದಕ್ಕೆ ಬಂದು ನೆರವಾದರೆ ಮಿಡ್‌ಫೀಲ್ಡ್‌ನಲ್ಲಿ ಹಾರ್ದಿಕ್ ಒಂಟಿ. ಹಾರ್ದಿಕ್ ಒಂಟಿಯಾದರೆ ಚೆಂಡು ಮುಂದಕ್ಕೆ ಹೋಗುವುದು ನಿಧಾನವಾಗುತ್ತದೆ, ಫಾರ್ವರ್ಡ್‌ಗಳು ಚೆಂಡಿಗಾಗಿ ಕೆಳಗಿಳಿದು ಬರುತ್ತಾರೆ, ಗೋಲಿನಿಂದ ದೂರವಾಗುತ್ತಾರೆ. ಸೆಮಿಫೈನಲ್‌ನಲ್ಲಿ ಭಾರತಕ್ಕೆ ಒಂದೇ ಒಂದು ಫೀಲ್ಡ್ ಗೋಲು (ಪೆನಾಲ್ಟಿ ಕಾರ್ನರ್, ಸ್ಟ್ರೋಕ್ ಇಲ್ಲದೆ ಆಟದ ನಡುವೆ ಬರುವ ಗೋಲು) ಬರಲಿಲ್ಲ ಎಂಬುದಕ್ಕೂ ಹಿಂಭಾಗದಲ್ಲಿ ಒಬ್ಬ ಕಡಿಮೆಯಾದದ್ದಕ್ಕೂ ಸಂಬಂಧವಿದೆ ಎಂದು ನಾನು ಹೇಳುವುದು ಈ ಕಾರಣಕ್ಕೆ.

54ನೇ ನಿಮಿಷದ ಗೋಲನ್ನು ಗಮನಿಸಿ. ಪೆಯ್ಲಾಟ್ ಈ ಸಲ ಫ್ಲಿಕ್ ಮಾಡಲಿಲ್ಲ, ಆವರಣದತ್ತ ಚೆಂಡು ಕಳಿಸಿದರು. ಗೋಲಿನ ಬಾಯಲ್ಲಿ ಮಾರ್ಕೊ ಮಿಲ್ಟ್‌ಕಾವ್ ಕೋಲು ತಾಗಿಸಿದರು, ಅಷ್ಟೇ. ಗೋಲಿನ ಎದುರು ನಿಂತ ಫಾರ್ವರ್ಡ್‌ನ ಕೋಲನ್ನು ಎತ್ತಿಬಿಡುವುದು, ಅವನ ಮುಂದೆ ಮೈ ಇಡುವುದು, ಇಂಥ ಒರಟು ಸಣ್ಣ ಕೆಲಸಗಳಿಗೇ ನಡು ಡಿಫೆಂಡರ್ ಇರುವುದು. ರೋಹಿದಾಸ್ ದಿನನಿತ್ಯ ಮಾಡುತ್ತಿದ್ದ ಕೆಲಸ ಅದು, ಯಾವ ಅಂಕಿ–ಅಂಶದಲ್ಲೂ ಬರೆಯದ ಕೆಲಸ.

ಕೊನೆಯಲ್ಲಿ ಶ್ರೀಜೇಶ್ ಅವರನ್ನು ಹೊರಗೆ ಕರೆದು ಇನ್ನೊಬ್ಬ ಆಟಗಾರನನ್ನು ಇಳಿಸಿದರು. ಕೊನೆಯ ನಿಮಿಷದಲ್ಲಿ ಶಂಶೇರ್‌ಗೆ ಒಂದು ಅವಕಾಶ ಸಿಕ್ಕಿತು, ಚೆಂಡು ಮೇಲೆ ಹಾರಿಹೋಯಿತು. ಶಂಶೇರ್ ಮೇಲೆ ಕೋಪಗೊಂಡವರನ್ನು ನಾನು ಬಲ್ಲೆ. ಆ ಕೋಪ ಸಲ್ಲದು. ಅರವತ್ತು ನಿಮಿಷದಲ್ಲಿ ಅಷ್ಟೊಂದು ಪೆನಾಲ್ಟಿ ಕಾರ್ನರ್ ಕೈತಪ್ಪಿದ ತಂಡದ ಸೋಲನ್ನು ಒಂದು ಹೊಡೆತದ ಮೇಲೆ ಹೊರಿಸುವುದು ಆ ಹುಡುಗನಿಗೆ ಮಾಡುವ ಅನ್ಯಾಯ.

ಮರಳಿ ಐವರು

ಆಗಸ್ಟ್ 8ರಂದು ಸ್ಪೇನ್ ವಿರುದ್ಧದ ಕಂಚಿನ ಪಂದ್ಯಕ್ಕೆ ರೋಹಿದಾಸ್ ಮರಳಿದರು. ಎದುರಾಳಿ ಬೇರೆ, ಶಕ್ತಿಯೂ ಬೇರೆ. ಹಾಗಾಗಿ ಎರಡು ಪಂದ್ಯಗಳನ್ನು ಪಕ್ಕಪಕ್ಕ ಇಟ್ಟು ಅಳೆಯುವುದಕ್ಕೆ ಮಿತಿ ಇದೆ. ಆದರೂ ತಂಡದ ಆಕಾರ ಕಣ್ಣಿಗೆ ಕಾಣುವಷ್ಟು ಬದಲಾಗಿತ್ತು. 18ನೇ ನಿಮಿಷದಲ್ಲಿ ಮಾರ್ಕ್ ಮಿರಾಲೆಸ್ ಸ್ಟ್ರೋಕ್‌ನಿಂದ ಸ್ಪೇನ್‌ಗೆ ಮುನ್ನಡೆ ಕೊಟ್ಟ ಮೇಲೂ ಭಾರತ ಗಾಬರಿಯಾಗಲಿಲ್ಲ. ಮನ್‌ಪ್ರೀತ್ ತಮ್ಮ ಮಿಡ್‌ಫೀಲ್ಡ್‌ನಲ್ಲಿ ಉಳಿದರು. ಹರ್ಮನ್‌ಪ್ರೀತ್ 30 ಮತ್ತು 33ನೇ ನಿಮಿಷಗಳಲ್ಲಿ, ವಿರಾಮದ ಈಚೆಗೊಂದು ಆಚೆಗೊಂದು, ಪೆನಾಲ್ಟಿ ಕಾರ್ನರ್‌ಗಳನ್ನು ಗೋಲಾಗಿಸಿದರು. ಸ್ಪೇನ್‌ಗೆ ಪಂದ್ಯದ ಕಟ್ಟಕಡೆಯಲ್ಲಿ ಪೆನಾಲ್ಟಿ ಕಾರ್ನರ್ ಸಿಕ್ಕಿತು. ರಷರ್ ಓಡಿದ, ಶ್ರೀಜೇಶ್ ತಡೆದರು, 2–1. ಅಂದಿನ ಇಡೀ ಪಂದ್ಯದಲ್ಲಿ ಸ್ಪೇನ್‌ನ ಒಂದು ಪೆನಾಲ್ಟಿ ಕಾರ್ನರ್ ಕೂಡ ಗೋಲಾಗಲಿಲ್ಲ. 1968 ಮತ್ತು 1972ರ ಬಳಿಕ ಭಾರತ ಸತತ ಎರಡು ಒಲಿಂಪಿಕ್ ಪದಕ ಗೆದ್ದದ್ದು ಇದೇ ಮೊದಲು. ಅದೇ ಪಂದ್ಯದೊಂದಿಗೆ ಶ್ರೀಜೇಶ್ ವೃತ್ತಿ ಮುಗಿಸಿದರು.

ಆಯ್ಕೆಯ ಪ್ರಶ್ನೆ

ಫುಲ್ಟನ್ ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ಕಾರ್ಡ್ ಬಂದ ನಿಮಿಷದಿಂದ ಕಂಚಿನವರೆಗೆ ಅವರು ಕೈಯಲ್ಲಿದ್ದ ಜನರನ್ನು ಬಳಸಿದ ರೀತಿಯಲ್ಲಿ ನನಗೆ ದೊಡ್ಡ ಹುಳುಕು ಕಾಣುವುದಿಲ್ಲ. ನನ್ನ ತಕರಾರು ಅದಕ್ಕೂ ಮೊದಲಿನದು, ಐದು–ಐದು–ಐದು ಎಂಬ ಹಂಚಿಕೆಯದು.

ಮಿಡ್‌ಫೀಲ್ಡ್‌ನಲ್ಲಿ ಐವರು ಬೇಕೇ ಬೇಕು. ಅಲ್ಲಿನ ಓಟ ಅಂಥದ್ದು. ಮುಂಚೂಣಿಯಲ್ಲಿ ಐವರು ಇದ್ದಾಗ ಒಬ್ಬೊಬ್ಬರಿಗೂ ಹೆಚ್ಚು ವಿಶ್ರಾಂತಿ ಸಿಗುತ್ತದೆ, ಎತ್ತರದಲ್ಲಿ ಒತ್ತಡ ಹೇರಲು ಅದು ನೆರವಾಗುತ್ತದೆ ಎಂಬ ವಾದ ನನಗೆ ಅರ್ಥವಾಗುತ್ತದೆ. ಆದರೆ ಈ ತಂಡ ಗೋಲಿಗಾಗಿ ನಂಬಿದ್ದು ಪೆನಾಲ್ಟಿ ಕಾರ್ನರನ್ನು, ಗೆಲುವಿಗಾಗಿ ನಂಬಿದ್ದು ರಕ್ಷಣೆಯನ್ನು. ಎರಡೂ ಕೆಲಸ ಡಿಫೆಂಡರ್‌ಗಳದ್ದೇ. ಹಾಗಿರುವಾಗ ಐದನೇ ಫಾರ್ವರ್ಡ್ ಬದಲು ಆರನೇ ಡಿಫೆಂಡರ್ ಆಗಿ ಜುಗ್‌ರಾಜ್ ಇರಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ಯಾರಿಸ್‌ನ ಮರುತಿಂಗಳೇ, ಸೆಪ್ಟೆಂಬರ್ 17ರಂದು, ಚೀನಾದ ಹುಲುನ್‌ಬುಯಿರ್‌ನಲ್ಲಿ ನಡೆದ ಏಷ್ಯನ್ ಚಾಂಪಿಯನ್ಸ್ ಟ್ರೋಫಿ ಫೈನಲ್‌ನಲ್ಲಿ ಆತಿಥೇಯ ಚೀನಾ ಭಾರತವನ್ನು 50 ನಿಮಿಷ ಗೋಲಿಲ್ಲದೆ ನಿಲ್ಲಿಸಿತ್ತು. 51ನೇ ನಿಮಿಷದಲ್ಲಿ ಬಂದ ಏಕೈಕ ಗೋಲು ಜುಗ್‌ರಾಜ್ ಅವರದ್ದು. ಅದು ಪೆನಾಲ್ಟಿ ಕಾರ್ನರ್ ಗೋಲಲ್ಲ, ಹರ್ಮನ್‌ಪ್ರೀತ್ ಕೊಟ್ಟ ಚೆಂಡನ್ನು ಆವರಣದೊಳಗಿಂದ ಹೊಡೆದ ಫೀಲ್ಡ್ ಗೋಲು.

ಇದಕ್ಕೆ ಎದುರು ವಾದವೂ ಇದೆ. ನಾಲ್ವರೇ ಫಾರ್ವರ್ಡ್‌ಗಳಿದ್ದರೆ ಹದಿಮೂರು ದಿನಗಳಲ್ಲಿ ಎಂಟು ಪಂದ್ಯಗಳ ಭಾರ ಅಭಿಷೇಕ್, ಸುಖ್‌ಜೀತ್ ಅಂಥವರನ್ನು ಸೆಮಿಫೈನಲ್‌ಗೆ ಮೊದಲೇ ಬಳಲಿಸುತ್ತಿತ್ತು ಎನ್ನುತ್ತಾರೆ. ಇರಬಹುದು. ಆದರೆ ಮನ್‌ಪ್ರೀತ್, ಶಂಶೇರ್, ರಾಜ್‌ಕುಮಾರ್ ಇಂಥವರು ಎರಡು ಸಾಲುಗಳ ನಡುವೆ ಓಡಾಡಬಲ್ಲರು; ಮುಂಚೂಣಿಯಲ್ಲಿ ಒಬ್ಬನ ಕೊರತೆಯನ್ನು ಹಂಚಿಕೊಳ್ಳಬಹುದು. ಮೊದಲ ರಷರ್‌ನ ಕೊರತೆಯನ್ನು ಹಂಚಿಕೊಳ್ಳಲು ಬರುವುದಿಲ್ಲ. ಆ ಓಟ ಒಬ್ಬನದ್ದೇ.

2025ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಬಿಹಾರದ ರಾಜಗೀರ್‌ನಲ್ಲಿ ಏಷ್ಯಾ ಕಪ್ ನಡೆದಾಗ ತಂಡದಲ್ಲಿ ಹದಿನೆಂಟು ಸ್ಥಾನಗಳಿದ್ದವು. ಹರ್ಮನ್‌ಪ್ರೀತ್, ರೋಹಿದಾಸ್, ಜುಗ್‌ರಾಜ್, ಸಂಜಯ್ ಎಲ್ಲರೂ ಇದ್ದರು. ಕೊರಿಯಾವನ್ನು 4–1ರಿಂದ ಸೋಲಿಸಿದ ಫೈನಲ್‌ನಲ್ಲಿ ಹರ್ಮನ್‌ಪ್ರೀತ್ ಗೋಲು ಹೊಡೆಯಲೇ ಇಲ್ಲ, ಹೊಡೆಯುವ ಅಗತ್ಯವೂ ಬೀಳಲಿಲ್ಲ. ಮೊದಲ ನಿಮಿಷದಲ್ಲೇ ಸುಖ್‌ಜೀತ್, ಆಮೇಲೆ ದಿಲ್‌ಪ್ರೀತ್ ಎರಡು, ಕೊನೆಯದು 50ನೇ ನಿಮಿಷದಲ್ಲಿ ಪೆನಾಲ್ಟಿ ಕಾರ್ನರ್‌ನಿಂದ ರೋಹಿದಾಸ್. ಲಾಸ್ ಏಂಜಲೀಸ್‌ಗೆ ಮತ್ತೆ ಚಿಕ್ಕ ತಂಡ ಆರಿಸುವ ದಿನ ಬಂದಾಗ ನನ್ನ ಪಟ್ಟಿ ಶುರುವಾಗುವುದು ಮೊದಲು ಓಡಬಲ್ಲ ಇಬ್ಬರು ಮತ್ತು ಫ್ಲಿಕ್ ಮಾಡಬಲ್ಲ ಮೂವರ ಹೆಸರಿನಿಂದ. ಫಾರ್ವರ್ಡ್‌ಗಳನ್ನು ಆಮೇಲೆ ಎಣಿಸುತ್ತೇನೆ.